ಅಣ್ಣನ ಹಾಗೆ

ದೋಹಾ
12 ಜನವರಿ 1996

ಪ್ರೀತಿಯ ವೆರೋನಿಕಾ,

ಇವಳು ಕನ್ನಡದಲ್ಲಿ ಯಾಕೆ ಬರೆದಳು ಎಂದು ನಗಬೇಡ. ಏಳು ವರ್ಷ ಹಾಸ್ಟೆಲಿನ "ಸ್ಪೀಕ್ ಓನ್ಲಿ ಇಂಗ್ಲಿಷ್" ಬೋರ್ಡಿನ ಕೆಳಗೆ ಕೂತು ನಾವು ಗುಸುಗುಸು ಮಾಡಿದ್ದೆಲ್ಲ ಕನ್ನಡದಲ್ಲೇ ಅಲ್ಲವಾ? ನಿನ್ನ ಕೊಂಕಣಿ ನನಗೆ ಬರುವುದಿಲ್ಲ, ನನ್ನ ಬ್ಯಾರಿ ಕೇಳಿದರೆ ನಿನಗೆ ನಗು. ಅಲ್ಲದೆ ಇಲ್ಲಿ ಟಪಾಲು ಒಡೆದು ನೋಡುತ್ತಾರೆ ಎಂದು ಉಪ್ಪ ಹೆದರಿಸುತ್ತಾರೆ. ನೋಡಲಿ. ನನ್ನ ಕೈಬರಹದ ಕನ್ನಡ ಓದುವವನು ಈ ದೇಶದಲ್ಲಿ ಇನ್ನೂ ಇಳಿದಿಲ್ಲ. ಸಿಸ್ಟರ್ ಜರ್ಟ್ರೂಡ್‌ಗೇ ಓದಲಿಕ್ಕೆ ಆಗುತ್ತಿರಲಿಲ್ಲ.

ನಾವು ಇರುವುದು ಮದೀನತ್ ಖಲೀಫಾದಲ್ಲಿ, ಒಂದು ವಿಲ್ಲಾದ ಹಿಂಬದಿಯ ಎರಡು ಕೋಣೆಗಳಲ್ಲಿ. ಮುಂದಿನ ಭಾಗದಲ್ಲಿ ಲೆಬನಾನಿನವರು. ಅಂಗಳ ಒಂದೇ, ಬಟ್ಟೆ ಒಣಗಿಸುವ ಹಗ್ಗವೂ ಒಂದೇ. ಉಪ್ಪ ಬೆಳಿಗ್ಗೆ ನಜ್ಮಾ ಪೇಟೆಯ ಅಂಗಡಿಗೆ ಹೋದರೆ ದರ್ಜಿಗಳಿಗೆ ಗುಂಡಿ, ಜಿಪ್ಪು, ಲೈನಿಂಗ್ ಕೊಟ್ಟು ಮುಗಿಸಿ ಬರುವಾಗ ರಾತ್ರಿಯ ಇಶಾ ಬಾಂಗ್ ಆಗಿರುತ್ತದೆ. ನಾನು ಮೈಸೂರಿನ ಅಂಚೆ ಕೋರ್ಸಿನ ಫಸ್ಟ್ ಇಯರ್ ಬಿ.ಎ. ಕಂದು ಪ್ಯಾಕೆಟಿನಲ್ಲಿ ಪಾಠ ಬರುತ್ತದೆ. ಅದನ್ನು ಒಡೆಯದೆ ಮಂಚದ ಕೆಳಗೆ ತಳ್ಳುತ್ತೇನೆ. ಬೆಲ್ ಇಲ್ಲ, ಸ್ಟಡಿ ಅವರ್ ಇಲ್ಲ, ಸಾಲಿನಲ್ಲಿ ನಿಲ್ಲಲಿಕ್ಕಿಲ್ಲ. ನೀನು ನಂಬಲಿಕ್ಕಿಲ್ಲ, ಬೆಲ್ ಇಲ್ಲದೆ ನನಗೆ ಹಸಿವೆಯೇ ಆಗುವುದಿಲ್ಲ.

ಈಗ ಕೆಲಸದ ಮಾತು. ಒಳಗೆ ಮಡಚಿಟ್ಟ ಹಾಳೆ ಎಲೈಜಾನಿಗೆ. ಇಲ್ಲಿಂದ ಅವನ ದೇಶಕ್ಕೆ ಕಾಗದ ಹೋಗುವುದಿಲ್ಲ. ಇಸ್ರೇಲ್ ಎಂದು ಕವರಿನ ಮೇಲೆ ಬರೆದರೆ ಪೋಸ್ಟಿನವರು ಉಪ್ಪನನ್ನು ಕರೆಸಿಯಾರು. ನೀನು ಅಲ್ಲಿ ಹೊಸ ಕವರು ಹಾಕಿ, ವಿಳಾಸ ಬರೆದು ಕಳಿಸು. ಅವನಿಗೂ ನಮ್ಮ ಹಾಸ್ಟೆಲಿನ ವಿಳಾಸಕ್ಕೇ ಬರೆಯಲು ಹೇಳಿದ್ದೇನೆ. ಬಂದ ಪತ್ರವನ್ನು ನನಗೆ ಕಳಿಸಬೇಡ ಮಾರಾಯ್ತಿ. ಓದಿ, ಏನುಂಟೆಂದು ಕನ್ನಡದಲ್ಲಿ ಬರೆ, ಸಾಕು.

ಎಂಟನೇ ಕ್ಲಾಸಿನಲ್ಲಿ ಸಿಸ್ಟರ್ ಪೆನ್ ಫ್ರೆಂಡ್ ಚೀಟಿ ಎತ್ತಿಸಿದ್ದು ನೆನಪುಂಟಾ? ನಿನಗೆ ಫಿನ್ಲೆಂಡಿನ ಹುಡುಗಿ ಬಂದಳು, ಎರಡು ಪತ್ರಕ್ಕೆ ಸುಸ್ತಾದಳು. ನನಗೆ ಎಲಿಯಾಹು. "ಇದು ನಮ್ಮ ಎಲೈಜಾ ಪ್ರವಾದಿಯ ಹೆಸರು. ಆ ಹೆಸರಿನ ಹುಡುಗ ಕೆಟ್ಟವನಾಗಲಿಕ್ಕಿಲ್ಲ" ಎಂದು ಸಿಸ್ಟರ್ ಪರ್ಮಿಷನ್ ಕೊಟ್ಟದ್ದು! ಐದು ವರ್ಷವಾಯಿತು. ಈಗ ಅವನು ಮಿಲಿಟರಿಯಲ್ಲಿ. ಅಲ್ಲಿ ಎಲ್ಲರೂ ಹೋಗಲೇಬೇಕಂತೆ.

ಉಪ್ಪನಿಗೆ, ಉಮ್ಮನಿಗೆ ಅವನ ವಿಷಯ ಗೊತ್ತಿಲ್ಲ. ಗೊತ್ತಾಗಬಾರದು.

ನಿನ್ನ,
ಮುಫೀದಾ


ಮಂಗಳೂರು
6-2-1996

ಮುಫೀ,

ನಿನ್ನ ಹುಡುಗನಿಗೆ ನಾನು ಪೋಸ್ಟ್‌ಮ್ಯಾನ್. ಚಂದ. ನಾಳೆ ನಿಮ್ಮಿಬ್ಬರ ಬಿರಿಯಾನಿಗೆ ಕರೆಯದಿದ್ದರೆ ನೋಡು.

ಸರಿ, ಸಿಟ್ಟಾಗಬೇಡ. ಅಣ್ಣ ಅಂತ ನೀನು ಹೇಳುತ್ತಿ, ಅಣ್ಣ ಅಂತ ಇರಲಿ. ಅವನ ಪತ್ರ ಬಂದಿದೆ. ನೀನು ದೋಹಾಕ್ಕೆ ಹೋದದ್ದು ಅವನಿಗೆ ಭಾರಿ ತಮಾಷೆ. "ಇನ್ನು ನೀನು ನಮ್ಮನ್ನು ಬೈಯುವವರ ನಡುವೆ ಇರುತ್ತಿ. ಅವರು ನಮ್ಮ ಬಗ್ಗೆ ಏನು ಹೇಳುತ್ತಾರೆ ಎಂದು ನನಗೆ ಬರೆ. ಸಕ್ಕರೆ ಹಾಕದೆ ಬರೆ" ಅಂತ. ಕಾಫಿ ಹೇಳಿದ ಹಾಗೆ ಹೇಳುತ್ತಾನೆ ನೋಡು.

ಅವರ ಠಾಣೆ ಈಗ ಲೆಬನಾನಿನ ಒಳಗೆ, ಒಂದು ಗುಡ್ಡದ ಮೇಲೆ ಉಂಟಂತೆ. ಕೆಳಗೆ ಒಂದು ಹಳ್ಳಿ. ಸೆಪ್ಟೆಂಬರಿನಲ್ಲಿ ಅಲ್ಲಿಯವರು ಮಾಳಿಗೆಯ ಮೇಲೆ ಅಂಜೂರ ಒಣಗಿಸಲಿಕ್ಕೆ ಹಾಕಿದ್ದರಂತೆ. ಒಬ್ಬ ಅಜ್ಜಿ ಬಂದು ಒಂದೊಂದನ್ನೇ ತಿರುಗಿಸಿ ಇಡುವುದನ್ನು ಇವನು ದುರ್ಬೀನಿನಲ್ಲಿ ನೋಡುವುದು. "ನನಗೆ ಅವಳ ಸೊಂಟನೋವು ಕೂಡ ಗೊತ್ತು. ಅವಳಿಗೆ ನಾನು ಗೊತ್ತಿಲ್ಲ. ಅಥವಾ ತುಂಬ ಚೆನ್ನಾಗಿ ಗೊತ್ತು" ಅಂತ ಬರೆದಿದ್ದಾನೆ. ಓದಿ ನನಗೆ ಒಂಥರಾ ಆಯಿತು.

ಕೊನೆಗೆ ಕನ್ನಡದಲ್ಲಿ ಗುಡ್ ನೈಟ್ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಾನೆ. "ಶುಬಾ ರಾತಿ" ಅಂತ ಉಂಟು. ರಾತ್ರಿಯ ಒಂದು ಭಾಗ ಎಲ್ಲಿಯೋ ಬಿದ್ದುಹೋಗಿದೆ.

ಸಿಸ್ಟರ್ ಜರ್ಟ್ರೂಡ್ ಫಾರಿನ್ ಸ್ಟಾಂಪ್ ನೋಡಿ, "ವೆರೋನಿಕಾ, ಯಾರಿದು?" ಎಂದರು. "ಪ್ರವಾದಿ, ಸಿಸ್ಟರ್" ಎಂದೆ. ಪತ್ರ ನನ್ನ ಕೈಗೆ ಕೊಟ್ಟರು.

ನಿನ್ನ ಪೋಸ್ಟ್‌ಮ್ಯಾನ್,
ವೆರೋನಿಕಾ


ದೋಹಾ
15 ಮಾರ್ಚ್ 1996

ಪ್ರೀತಿಯ ವೆರೋನಿಕಾ,

ಒಂದು ಎಡವಟ್ಟು ಮಾಡಿದ್ದೇನೆ. ಹೇಳಿದರೆ ಬೈಯುತ್ತಿ.

ಮುಂದಿನ ಮನೆಯ ಸಲ್ವಾ ಖಾಲಾ ಹೆಸರು ಬರೆದಿದ್ದೆನಾ? ಖಾಲಾ ಎಂದರೆ ಚಿಕ್ಕಮ್ಮ. ಲೆಬನಾನಿನ ದಕ್ಷಿಣದವರು. ಗಂಡ ದುಖಾನಿನ ಎಣ್ಣೆ ಕಂಪೆನಿಯಲ್ಲಿ, ಗುರುವಾರ ಸಂಜೆ ಬಂದರೆ ಶನಿವಾರ ಬೆಳಿಗ್ಗೆ ಹೋಗುತ್ತಾನೆ. ಮಕ್ಕಳಿಲ್ಲ. ಖಾಲಾ ದೊಡ್ಡ ದನಿಯವರು, ನಗಲಿಕ್ಕೆ ಶುರು ಮಾಡಿದರೆ ಹಗ್ಗದ ಮೇಲಿನ ಬಟ್ಟೆ ಅಲ್ಲಾಡಬೇಕು. ನನಗೆ ಅರಬಿ ಕಲಿಸುತ್ತಾರೆ. ಉಮ್ಮನಿಗೆ ಅರಬಿ ಎಂದರೆ ಕುರಾನು ಓದಲಿಕ್ಕೆ ಮಾತ್ರ, ಖಾಲಾನಿಗೆ ನಮ್ಮ ಭಾಷೆ ಮಾಫಿ, ಬರುವುದೇ ಇಲ್ಲ. ಹಾಗಾಗಿ ಇಬ್ಬರ ನಡುವೆ ನಾನು. ಉಮ್ಮ "ಉಪ್ಪು ಜಾಸ್ತಿ ಆಯ್ತಾ ಕೇಳ್ ಮೋಳೆ" ಎನ್ನುತ್ತಾರೆ, ನಾನು ಕೇಳುತ್ತೇನೆ. ಖಾಲಾ ಅರ್ಧ ಗಂಟೆ ಉತ್ತರ ಕೊಡುತ್ತಾರೆ, ನಾನು "ಇಲ್ಲವಂತೆ ಉಮ್ಮ" ಎನ್ನುತ್ತೇನೆ. ಇಬ್ಬರಿಗೂ ಸಂತೋಷ.

ಮೊನ್ನೆ ಅಂಗಳದಲ್ಲಿ ಕೂತು ಎಲೈಜಾನಿಗೆ ಬರೆಯುತ್ತಿದ್ದೆ. ಖಾಲಾ ಬಂದು, ಯಾರಿಗೆ ಇಷ್ಟು ಉದ್ದದ ಕಾಗದ ಎಂದು ಕೇಳಿದರು. ಎಲಿಯಾಹು ಎಂದು ಹೇಳಲಿಕ್ಕೆ ಆಗುತ್ತದಾ? ನಮ್ಮಲ್ಲಿ ಎಲೈಜಾ ಎಂದರೆ ಇಲ್ಯಾಸ್ ನಬಿ. "ಇಲ್ಯಾಸ್" ಎಂದೆ. ಸುಳ್ಳಲ್ಲ, ಅನುವಾದ. ಅವರ ಹುಬ್ಬು ಮೇಲೆ ಹೋಯಿತು, ಹುಡುಗ! ಅಣ್ಣನ ಹಾಗೆ ಎಂದು ಹೇಳಬೇಕು. ಅಣ್ಣ ಎನ್ನಲಿಕ್ಕೆ ಅರಬಿ ಗೊತ್ತು, ಅಖೀ. "ಹಾಗೆ" ಎನ್ನಲಿಕ್ಕೆ ಗೊತ್ತಿಲ್ಲ. ಗಂಟಲಿನಿಂದ "ಅಖೀ" ಮಾತ್ರ ಬಂತು. "ನನ್ನ ಅಣ್ಣ."

ಖಾಲಾ ನನ್ನನ್ನು ಅಪ್ಪಿಕೊಂಡುಬಿಟ್ಟರು. ನಿನಗೆ ಅಣ್ಣ ಇದ್ದಾನಾ, ಹೇಳಲೇ ಇಲ್ಲವಲ್ಲ, ಎಲ್ಲಿದ್ದಾನೆ? ನಾನು "ಹಾಸ್ಟೆಲ್" ಎಂದೆ. ಅದೂ ಒಂದು ಲೆಕ್ಕದಲ್ಲಿ ಸರಿಯೇ. ಅವನು ಹುಟ್ಟಿ ಬೆಳೆದ ಕಿಬ್ಬುತ್ಸ್ ಎಂಬುದು ಊರೆಲ್ಲ ಒಟ್ಟಿಗೆ ದುಡಿದು ಒಂದೇ ಊಟದ ಹಾಲಿನಲ್ಲಿ ಉಣ್ಣುವ ಜಾಗ. ಮಕ್ಕಳು ಮಲಗುವುದು ಅಪ್ಪ ಅಮ್ಮನ ಮನೆಯಲ್ಲಿ ಅಲ್ಲ, ಮಕ್ಕಳ ಮನೆ ಎಂದು ಬೇರೆಯೇ ಉಂಟು. ಅದು ಹಾಸ್ಟೆಲ್ ಅಲ್ಲದೆ ಮತ್ತೆಂತ?

ಆಮೇಲೆ ಖಾಲಾ ತಮ್ಮ ಊರಿನ ಸುದ್ದಿ ತೆಗೆದರು. ಅವರ ಅಮ್ಮ ಮಾಳಿಗೆಯ ಮೇಲೆ ಅಂಜೂರ ಒಣಗಿಸುತ್ತಾರಂತೆ. ಹೋದ ವರ್ಷದ್ದು ಒಂದು ಡಬ್ಬಿ ತೆಗೆದು ತಿನ್ನಲಿಕ್ಕೆ ಕೊಟ್ಟು, "ಮಿತ್ಲ್ ಅಲ್ ಅಸಲ್" ಎಂದರು. ಜೇನಿನ ಹಾಗೆ. ಮಿತ್ಲ್ ಎಂದರೆ "ಹಾಗೆ"! ಅದೇ ಕ್ಷಣ ಹೇಳಬಹುದಿತ್ತು, ಖಾಲಾ, ಅಖೀ ಅಲ್ಲ, ಮಿತ್ಲ್ ಅಖೀ ಎಂದು. ನನ್ನ ಬಾಯಿ ತುಂಬ ಅಂಜೂರ ಇತ್ತು.

ಲೆಬನಾನಿನಲ್ಲಿ ಅಂಜೂರ ಒಣಗಿಸುವ ಮಾಳಿಗೆ ಒಂದೇ ಇರುತ್ತದಾ? ನೂರು ಇರಬೇಕು. ಖಾಲಾ ತಮ್ಮ ಹಳ್ಳಿಯ ಹೆಸರು ಹೇಳಿದರು. ಎಲೈಜಾನ ಹತ್ತಿರ ಅವನ ಗುಡ್ಡದ ಕೆಳಗಿನ ಹಳ್ಳಿಯ ಹೆಸರು ಕೇಳಬಹುದು. ಒಳಗಿಟ್ಟ ಪತ್ರದಲ್ಲಿ ಕೇಳಿಲ್ಲ.

ನಿನ್ನ,
ಮುಫೀದಾ


ದೋಹಾ
30 ಏಪ್ರಿಲ್ 1996

ವೆರೋನಿಕಾ,

ಪೇಪರಿನಲ್ಲಿ ನೋಡಿರುತ್ತಿ. ಲೆಬನಾನಿನ ಮೇಲೆ ಎರಡು ವಾರ ಇಸ್ರೇಲಿನ ಶೆಲ್ ಬಿದ್ದದ್ದು.

ಸಲ್ವಾ ಖಾಲಾನ ಅಕ್ಕನ ಮಗ ಕರೀಂ ಹೋದ. ಹದಿನೇಳು ವರ್ಷ. ಅಜ್ಜಿಯನ್ನು ಕರೆದುಕೊಂಡು ಬರಲಿಕ್ಕೆ ಹಳ್ಳಿಗೆ ವಾಪಸ್ ಹೋಗಿದ್ದನಂತೆ. ಅಜ್ಜಿ ಬದುಕಿದ್ದಾರೆ.

ಫೋನ್ ಬಂದದ್ದು ಮಧ್ಯಾಹ್ನ. ಖಾಲಾ ಕೂಗಿದ್ದು ಕೇಳಿ ಉಮ್ಮ ಕೈಯಲ್ಲಿದ್ದ ಹಿಟ್ಟಿನ ಸಮೇತ ಓಡಿದರು. ಮೂರು ದಿನ ಹೆಂಗಸರು ಬಂದರು, ಗೋಡೆಗೆ ಒರಗಿ ಸಾಲಾಗಿ ಕೂತರು. ಸಕ್ಕರೆ ಇಲ್ಲದ ಕಾಫಿ. ಸಾವಿನ ಮನೆಯಲ್ಲಿ ಇವರು ಸಕ್ಕರೆ ಹಾಕುವುದಿಲ್ಲ. ಕಪ್ಪುಗಳನ್ನು ಹಿಡಿದು ತಿರುಗಿದವಳು ನಾನು. "ನನ್ನಿಂದ ಎಂತ ಆಗ್ಬೇಕಾದ್ರೂ ಹೇಳ್ಲಿಕ್ಕೆ ಹೇಳ್ ಮೋಳೆ" ಎಂದರು ಉಮ್ಮ. ಹೇಳಿದೆ. ಖಾಲಾ ಉಮ್ಮನ ಕೈ ಹಿಡಿದು, "ನಿನ್ನ ಇಲ್ಯಾಸನನ್ನು ದೇವರು ಕಾಯಲಿ" ಎಂದರು. ಅದನ್ನು ಉಮ್ಮನಿಗೆ ಹೇಳಲಿಲ್ಲ. "ದೇವರು ಕಾಯಲಿ ಅಂತಾರೆ" ಎಂದೆ. ಒಂದು ಹೆಸರು ನಡುವಿನಲ್ಲಿ ನುಂಗಿದೆ.

ಅವನು ಆ ಎರಡು ವಾರ ಎಲ್ಲಿದ್ದ, ಎಂತ ಮಾಡುತ್ತಿದ್ದ, ನನಗೆ ಗೊತ್ತಿಲ್ಲ. ಗುಂಡು ಹಾರಿಸುವುದು ಅವನ ಕೆಲಸವಾ, ಅಡುಗೆ ಮಾಡುವುದಾ, ವಯರ್‌ಲೆಸ್ ಹಿಡಿದು ಕೂರುವುದಾ? ಐದು ವರ್ಷದ ಪತ್ರಗಳಲ್ಲಿ ಅವನ ಊಟ, ಅವನ ನಾಯಿ, ಟ್ರ್ಯಾಕ್ಟರ್, ಅವನು ಫೇಲಾದ ಕೆಮಿಸ್ಟ್ರಿ ಎಲ್ಲ ಉಂಟು. ಇದೊಂದನ್ನು ಕೇಳಿರಲಿಲ್ಲ.

ಈ ಸಲ ಕವರಿನೊಳಗೆ ಅವನಿಗೆ ಏನೂ ಇಲ್ಲ. ಬರೆಯಲು ಕೂತೆ. ಡಿಯರ್ ಎಂದು ಬರೆದೆ. ಆ ಮಾತೇ ಹೇಸಿಗೆ ಅನ್ನಿಸಿತು.

ಮುಫೀದಾ


ಮಂಗಳೂರು
27-5-1996

ಮುಫೀ,

ಏಪ್ರಿಲಿನ ಆ ಪತ್ರದ ಮೇಲೆ ನಿನ್ನಿಂದ ಸುದ್ದಿ ಇಲ್ಲ. ಅವನಿಂದ ಎರಡು ಪತ್ರ ಬಂತು.

ಮೊದಲನೆಯದರಲ್ಲಿ, "ನಿನಗೆ ಪರೀಕ್ಷೆಯಾ? ಜ್ವರವಾ? ಅಥವಾ ನಾನು ಕೇಳಿದ ಪ್ರಶ್ನೆಗೆ ಉತ್ತರ ತುಂಬ ಉದ್ದ ಆಯಿತಾ?" ಅಂತ. ಎರಡನೆಯದು ಗಿಡ್ಡ. "ನೀನು ಯಾಕೆ ಬರೆಯುತ್ತಿಲ್ಲ ಎಂದು ನನಗೆ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ. ತಪ್ಪು ತಿಳಿದಿದ್ದರೆ ಹೇಳು. ಸರಿ ತಿಳಿದಿದ್ದರೂ ಹೇಳು." ಅಷ್ಟೇ. ಜೋಕ್ ಇಲ್ಲ, ಶುಬಾ ರಾತಿ ಇಲ್ಲ.

ನೋಡು, ನಿನ್ನ ಖಾಲಾನ ದುಃಖ ದೊಡ್ಡದು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಬೈಯಬೇಕಾದರೆ ಬೈದು ಬರೆ. ಅವನು ಅದನ್ನೇ ಕೇಳಿದ್ದಲ್ಲವಾ? ಸುಮ್ಮನಿರುವುದು ಎಂತದ್ದು? ನಾನೇ ಎರಡು ಸಾಲು ಹಾಕಲಾ, ಮುಫೀದಾ ಕ್ಷೇಮ ಎಂದು? ನೀನು ಹೇಳದೆ ಹಾಕುವುದಿಲ್ಲ. ಬೇಗ ಹೇಳು.

ವೆರೋನಿಕಾ


ಮಂಗಳೂರು
8-7-1996

ಪ್ರೀತಿಯ ಮುಫೀದಾ,

ಈ ಪತ್ರವನ್ನು ಒಬ್ಬಳೇ ಕೂತು ಓದು.

ಎಲೈಜಾ ಇಲ್ಲ. ಜೂನ್ ತಿಂಗಳಲ್ಲಿ ಹೋದ. ಒಂದು ಠಾಣೆಯಿಂದ ಇನ್ನೊಂದಕ್ಕೆ ಹೋಗುವ ರಸ್ತೆಯಲ್ಲಿ ಬಾಂಬ್ ಇಟ್ಟಿದ್ದರಂತೆ. ಅವನ ತಾಯಿ ಬರೆದಿದ್ದಾರೆ, ಇಂಗ್ಲಿಷಿನಲ್ಲಿ, ಚಿಕ್ಕ ಚಿಕ್ಕ ವಾಕ್ಯ. ಕವರಿನ ಮೇಲೆ ನಿನ್ನ ಹೆಸರಿತ್ತು. ಕೈಬರಹ ಬೇರೆ ಎಂದು ಸಿಸ್ಟರ್ ಒಡೆದರು. ಓದಿ ನನ್ನನ್ನು ಆಫೀಸಿಗೆ ಕರೆದು, ಕುರ್ಚಿಯಲ್ಲಿ ಕೂರಿಸಿ ಕೊಟ್ಟರು. ಸಿಸ್ಟರ್ ಯಾರನ್ನಾದರೂ ಕೂರಿಸಿದ್ದು ನೋಡಿದ್ದೆಯಾ?

ಅವರ ಊರಿನಲ್ಲಿ ಹೀಗೆ ಹೋದ ಒಬ್ಬೊಬ್ಬರಿಗೂ ಒಂದು ಸಣ್ಣ ಪುಸ್ತಕ ಮಾಡುತ್ತಾರಂತೆ. ಬಲ್ಲವರು ಒಂದೊಂದು ಪುಟ ಬರೆಯುವುದು. ನಿನ್ನದೂ ಬೇಕು ಎಂದು ಕೇಳಿದ್ದಾರೆ. "ಅವನು ನಿನ್ನ ಬಗ್ಗೆ ಮನೆಯಲ್ಲಿ ಹೇಳುತ್ತಿದ್ದ. ಯಾವ ಭಾಷೆಯಲ್ಲಾದರೂ ಬರೆ" ಎಂದಿದ್ದಾರೆ.

ಬೆಳಗಿನ ಪೂಜೆಯಲ್ಲಿ ಅವನ ಹೆಸರು ಓದಿಸಿದೆವು. ಫಾದರ್ ಆನ್ಸೆಲ್ಮ್ ಚೀಟಿ ನೋಡಿ, "ಎಲೈಜಾ, ಯಾವ ಪ್ಯಾರಿಶಿನವನು?" ಎಂದರು. ಸಿಸ್ಟರ್ ಜರ್ಟ್ರೂಡ್ ಮುಖ ಅಲ್ಲಾಡಿಸದೆ, "ಗಲಿಲಿ, ಫಾದರ್" ಎಂದರು. ಫಾದರ್ ಹೆಸರು ಓದಿದರು.

ನೀನು ಹೇಳದೆ ನಾನು ಆ ಎರಡು ಸಾಲು ಹಾಕಲಿಲ್ಲ. ಹಾಕಬಹುದಿತ್ತು. ಕವರು, ಸ್ಟಾಂಪು ಎಲ್ಲ ನನ್ನ ಹತ್ತಿರವೇ ಇತ್ತು. ನಿನಗೆ ಮಾತ್ರ ಅಲ್ಲ ಮುಫೀ, ನನಗೂ ಊಟ ಸೇರುತ್ತಿಲ್ಲ.

ವೆರೋನಿಕಾ


ದೋಹಾ
29 ಜುಲೈ 1996

ವೆರೋನಿಕಾ,

ನಿನ್ನ ಪತ್ರವನ್ನು ಉಪ್ಪ ಅಂಗಡಿಯಿಂದ ತಂದು ಕೊಟ್ಟರು. "ಮಂಗಳೂರಿಂದ ನಿನ್ನ ಗೆಳತಿದು" ಎಂದು ಕೈಗೆ ಹಾಕಿದರು. ಆ ದಿನ ಓದಲಿಲ್ಲ. ಮಾರನೇ ದಿನ ಬಟ್ಟೆ ಒಣಗಿಸುವ ನೆಪದಲ್ಲಿ ಅಂಗಳಕ್ಕೆ ಹೋಗಿ, ಬೆಡ್‌ಶೀಟಿನ ಹಿಂದೆ ನಿಂತು ಓದಿದೆ. ಬೆಡ್‌ಶೀಟು ಮರೆ ಮಾಡುತ್ತದೆ, ಸದ್ದು ಮರೆ ಮಾಡುವುದಿಲ್ಲ. ಸಲ್ವಾ ಖಾಲಾ ಬಾಗಿಲು ತೆಗೆದು ಬಂದರು.

"ಏನಾಯಿತು ಬಿನ್ತಿ? ಯಾರು?"

ನನ್ನ ಬಾಯಿಯಿಂದ ಬಂದದ್ದು ಒಂದೇ ಮಾತು. "ಇಲ್ಯಾಸ್."

ಖಾಲಾ ಎದೆಗೆ ಕೈ ಹೊಡೆದುಕೊಂಡರು. "ಹೇಗೆ?"

"ರಸ್ತೆಯಲ್ಲಿ."

"ಕಾರಾ?"

ನಾನು ತಲೆ ಅಲ್ಲಾಡಿಸಿದೆ. ಹೌದು ಎನ್ನುವ ಹಾಗೆ ಅಲ್ಲಾಡಿಸಿದೆ, ವೆರೋನಿಕಾ.

ನಾನು ಹಿಡಿಯುವ ಮೊದಲೇ ಅವರು ಸೀದಾ ನಮ್ಮ ಅಡುಗೆಮನೆಗೆ ಹೋಗಿ ಉಮ್ಮನನ್ನು ಅಪ್ಪಿಕೊಂಡು ಗೋಳೋ ಎಂದು ಅಳಲಿಕ್ಕೆ ಶುರು ಮಾಡಿದರು. ಉಮ್ಮ ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದರು.

"ಇವಳಿಗೆ ಪುನಃ ಎಂತಾಯ್ತು ಮೋಳೆ?"

"ಅಕ್ಕನ ಮಗನ ನೆನಪಾಯಿತಂತೆ ಉಮ್ಮ."

ಅಷ್ಟೇ ಸಾಕಿತ್ತು. ಉಮ್ಮನೂ ಅಳಲಿಕ್ಕೆ ಶುರು. "ಪಾಪ, ಹೆತ್ತವಳ ಹೊಟ್ಟೆ ಹೇಗೆ ಉರಿಯುತ್ತದೋ!"

ಖಾಲಾ ತಲೆ ಎತ್ತಿ ನನ್ನನ್ನು ಕೇಳಿದರು, "ಉಮ್ಮ ಏನೆನ್ನುತ್ತಾರೆ?"

"ಹೆತ್ತವಳ ಹೊಟ್ಟೆ ಉರಿಯುತ್ತದೆ ಎನ್ನುತ್ತಾರೆ."

ಆ ಮಧ್ಯಾಹ್ನವೆಲ್ಲ ನಾನು ಸರಿಯಾಗಿ ಅನುವಾದ ಮಾಡಿದ್ದು ಅದೊಂದೇ ವಾಕ್ಯ. ಇಬ್ಬರೂ ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದುಕೊಂಡರು, ಬೇರೆ ಬೇರೆ ಹುಡುಗರಿಗಾಗಿ. ನಾನು ಪಕ್ಕದಲ್ಲಿ ನಿಂತು ಸ್ಟವ್ ಆಫ್ ಮಾಡಿದೆ.

ಈಗ ಖಾಲಾ ದಿನಾ ಬರುತ್ತಾರೆ, ಸಕ್ಕರೆ ಇಲ್ಲದ ಕಾಫಿ ಹಿಡಿದುಕೊಂಡು. "ಇವಳಿಗೆ ಸಕ್ಕರೆ ಮುಗಿದಿದೆಯಾ ಎಂತ, ಒಂದು ಡಬ್ಬಿ ಕೊಟ್ಟು ಬಾ" ಎನ್ನುತ್ತಾರೆ ಉಮ್ಮ. ಖಾಲಾ ಕೂತು ಸತ್ತವರಿಗೆಂದು ಫಾತಿಹಾ ಓದುತ್ತಾರೆ. ಕೊನೆಗೆ ಹೆಸರು ಹೇಳುತ್ತಾರೆ: ಕರೀಂ, ಇಲ್ಯಾಸ್. ಒಂದೇ ಉಸಿರಿನಲ್ಲಿ, ಒಂದೇ ಮನೆಯ ಮಕ್ಕಳ ಹಾಗೆ. ನಾನು ಆಮೀನ್ ಎನ್ನುತ್ತೇನೆ. ಅಂದಾಗ ಒಂದು ಕ್ಷಣ ನನಗೆ ಸಮಾಧಾನವೂ ಆಗುತ್ತದೆ. ಯಾಕೆಂದರೆ ಈ ಊರಿನಲ್ಲಿ ಅವನಿಗಾಗಿ ಅಳುತ್ತಿರುವವರು ಅವರೊಬ್ಬರೇ. ಅದೇ ನನಗೆ ತಡೆಯಲಿಕ್ಕೆ ಆಗದಿರುವುದು.

ಗುರುವಾರ ಸಂಜೆ ಅವರ ಗಂಡ ದುಖಾನಿನಿಂದ ಬರುತ್ತಾನೆ. ಶುಕ್ರವಾರ ನಮಾಜು ಮುಗಿಸಿ ಉಪ್ಪನ ಕೈ ಹಿಡಿದು ಸಂತಾಪ ಹೇಳುತ್ತಾನಂತೆ, ಮಗನಿಗಾಗಿ. ಉಪ್ಪನಿಗೆ ಅರಬಿ ಚೆನ್ನಾಗಿ ಬರುತ್ತದೆ.

ನಿನ್ನ ಉತ್ತರ ಬರುವಾಗ ಆ ಶುಕ್ರವಾರ ಕಳೆದಿರುತ್ತದೆ. ಆದರೂ ಕೇಳುತ್ತೇನೆ, ಎಂತ ಮಾಡಲಿ?

ಮುಫೀದಾ


ಮಂಗಳೂರು
14-8-1996

ಮುಫೀ,

ತಡವಾಯಿತು ಎಂದು ಗೊತ್ತುಂಟು. ಆದರೂ ಬರೆಯುತ್ತೇನೆ. ಹೇಳಬೇಡ. ಉಪ್ಪನಿಗೆ ಏನಾದರೂ ಕಥೆ ಕಟ್ಟು. ಖಾಲಾನಿಗೆ ಮಾತ್ರ ಹೇಳಬೇಡ. ಆ ಹೆಂಗಸಿಗೆ ಒಂದು ಸಾವು ಸಾಕು. ನಿನ್ನ ಮನಸ್ಸು ಹಗುರ ಮಾಡಿಕೊಳ್ಳಲಿಕ್ಕೆ ಅವಳ ಮೇಲೆ ಇನ್ನೊಂದು ಭಾರ ಹಾಕಬೇಡ.

ಸಿಸ್ಟರ್ ಹತ್ತಿರ ಹೆಸರು ಹೇಳದೆ ಕೇಳಿದೆ. ಅವರು ಹೇಳಿದ್ದು ಉಲ್ಟಾ. "ಆ ಪ್ರಾರ್ಥನೆ ಯಾರದ್ದೆಂದು ಪ್ರಾರ್ಥಿಸಿದವಳಿಗೆ ಗೊತ್ತಿರಬೇಕು" ಎಂದರು. ಅವರು ಹಾಗೆಯೇ. ಗಣಿತದ ಪೇಪರ್ ತಿದ್ದಿದ ಹಾಗೆ ಮಾತಾಡುತ್ತಾರೆ.

ಅವನ ತಾಯಿಗೆ ಪುಟ ಬರೆದೆಯಾ?

ವೆರೋನಿಕಾ


ದೋಹಾ
5 ಸೆಪ್ಟೆಂಬರ್ 1996

ಪ್ರೀತಿಯ ವೆರೋನಿಕಾ,

ಹೇಳಿದೆ. ನಿನ್ನ ಪತ್ರ ಬರುವ ಮೊದಲೇ, ಗುರುವಾರ ಮಧ್ಯಾಹ್ನ. ಸಿಸ್ಟರಿಗೆ ಹೇಳು, ಒಳ್ಳೆಯವಳಾಗಿ ಹೇಳಿದ್ದಲ್ಲ ಎಂದು. ನಾನು ಸತ್ಯಕ್ಕೆ ಹೆದರಿ ಹೇಳಲಿಲ್ಲ, ಶುಕ್ರವಾರಕ್ಕೆ ಹೆದರಿ ಹೇಳಿದೆ.

ಖಾಲಾ ಅಡುಗೆಮನೆಯಲ್ಲಿ ಗಂಡನಿಗೆಂದು ಸಣ್ಣ ಸಣ್ಣ ಸೋರೆಕಾಯಿಗಳ ತಿರುಳು ತೆಗೆಯುತ್ತಿದ್ದರು, ಅನ್ನ ತುಂಬಿಸಲಿಕ್ಕೆ.

"ಖಾಲಾ, ಇಲ್ಯಾಸ್ ನನ್ನ ಅಣ್ಣ ಅಲ್ಲ" ಎಂದೆ. "ಮಿತ್ಲ್ ಅಖೀ. ಅಣ್ಣನ ಹಾಗೆ."

ಅವರು ನನ್ನನ್ನು ನೋಡಿದರು. ಆಮೇಲೆ ಕಣ್ಣು ಒದ್ದೆ ಮಾಡಿಕೊಂಡು ನಕ್ಕರು. "ಹಾಗಾ! ಉಮ್ಮನಿಗೆ ಗೊತ್ತಿಲ್ಲ, ಅಷ್ಟೇ ತಾನೆ? ಹುಚ್ಚಿ. ನಾನೂ ಹದಿನೆಂಟು ವರ್ಷದವಳಾಗಿದ್ದೆ. ಕೂತುಕೋ. ನಿನ್ನ ಉಪ್ಪನ ಹತ್ತಿರ ಏನೂ ಹೇಳಬೇಡ ಎಂದು ನನ್ನ ಗಂಡನಿಗೆ ಹೇಳುತ್ತೇನೆ, ಖಲಾಸ್."

ನೋಡು, ಬಾಗಿಲು ತೆರೆದೇ ಇತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಶುಕ್ರವಾರವೂ ಕಳೆಯುತ್ತಿತ್ತು, ಕಾಫಿಯೂ ಬರುತ್ತಿತ್ತು. ನಾನು ಕೂತೂ ಬಿಟ್ಟೆ. ಅವರು ಒಂದು ಸೋರೆಕಾಯಿ ನನ್ನ ಕೈಗೆ ಕೊಟ್ಟು ಹೇಗೆ ಕೊರೆಯುವುದೆಂದು ತೋರಿಸಿದರು. ಕೊರೆಯುತ್ತಾ, "ಪಾಪ, ಅವನ ಊರು ಯಾವುದು?" ಎಂದು ಕೇಳಿದರು.

ಆ ಪ್ರಶ್ನೆಗೆ ನನ್ನ ಹತ್ತಿರ ಇನ್ನೊಂದು ಅನುವಾದ ಇರಲಿಲ್ಲ. "ನಿಮ್ಮ ಊರಿನ ಆಚೆ. ಗಡಿಯ ಆಚೆ. ಸೈನ್ಯದವನು" ಎಂದೆ.

ಖಾಲಾ ಚಾಕು ಕೆಳಗಿಟ್ಟರು.

"ಎಲ್ಲಿ ಸತ್ತ?"

"ರಸ್ತೆಯಲ್ಲಿ."

"ಯಾರ ರಸ್ತೆಯಲ್ಲಿ?"

"ನಿಮ್ಮ" ಎಂದೆ.

ಅವರು ಕೂಗಲಿಲ್ಲ. ಅಷ್ಟು ದೊಡ್ಡ ದನಿಯವರು, ಎದ್ದು ನಲ್ಲಿ ತಿರುಗಿಸಿ ಕೈ ತೊಳೆದರು, ಮೊಣಕೈವರೆಗೆ, ನಮಾಜಿಗೆ ಮೊದಲು ವುಝೂ ಮಾಡಿದ ಹಾಗೆ. ಆಮೇಲೆ ಬೆನ್ನು ಮಾಡಿಕೊಂಡೇ ಮಾತಾಡಿದರು. ನಿಧಾನವಾಗಿ, ನನಗೆ ಅರ್ಥವಾಗಲಿ ಎಂದು ಸುಲಭ ಮಾತುಗಳನ್ನೇ ಆರಿಸಿ. ಪಾಠ ಹೇಳಿಕೊಡುವಾಗ ಹಾಗೆಯೇ ಮಾತಾಡುತ್ತಿದ್ದರು.

"ಓದಿದ ಫಾತಿಹಾ ವಾಪಸ್ ಕರೆಯಲಿಕ್ಕೆ ಆಗುವುದಿಲ್ಲ. ಹೋಯಿತು. ಅದು ಅವನಿಗೆ ಮುಟ್ಟಿದರೆ ಮುಟ್ಟಲಿ. ಆದರೆ ಆ ಹೆಸರನ್ನು ನನ್ನ ಹುಡುಗನ ಪಕ್ಕದಿಂದ ತೆಗೆ. ನೀನು ಇಟ್ಟದ್ದು, ನೀನೇ ತೆಗೆ."

ನಾನು ಅರ್ಧ ಕೊರೆದ ಸೋರೆಕಾಯಿ ಅಲ್ಲೇ ಇಟ್ಟು ಮನೆಗೆ ಬಂದೆ.

ಶುಕ್ರವಾರ ಅವರ ಗಂಡ ಅಂಗಳದಲ್ಲಿ ಉಪ್ಪನಿಗೆ ಸಿಕ್ಕಿದ. ಸಲಾಂ, ಸೆಖೆ, ಕಾರಿನ ಬ್ಯಾಟರಿ ಎಂದೆಲ್ಲ ಮಾತಾಡಿ ಹೋದ. ಖಾಲಾ ಅವನಿಗೆ ಏನೆಂದು ಹೇಳಿ ಬಾಯಿ ಮುಚ್ಚಿಸಿದರೋ ಗೊತ್ತಿಲ್ಲ. ನನ್ನನ್ನು ಉಳಿಸಿದರು, ಅಷ್ಟು ಗೊತ್ತು. ಆ ದಿನದಿಂದ ಅಂಗಳದ ಕಡೆಯ ಬಾಗಿಲು ತೆರೆದಿಲ್ಲ. ಬಟ್ಟೆಯನ್ನು ಒಳಗೇ ಒಣಗಿಸುತ್ತಾರೆ.

ಉಮ್ಮ ಮೊನ್ನೆ ಒಂದು ಬಸಿ ತುಂಬ ಅಕ್ಕಿ ಪತ್ತಿರಿ ಮಾಡಿ ನನ್ನ ಕೈಯಲ್ಲಿ ಕಳಿಸಿದರು. ಖಾಲಾ ರಸ್ತೆ ಕಡೆಯ ಬಾಗಿಲು ಸ್ವಲ್ಪವೇ ತೆರೆದು ಬಸಿ ತೆಗೆದುಕೊಂಡರು. ಸಂಜೆ ಬಸಿ ನಮ್ಮ ಮೆಟ್ಟಿಲ ಮೇಲೆ ಇತ್ತು. ತೊಳೆದದ್ದು. ಖಾಲಿ. ಅವರಲ್ಲೂ ನಮ್ಮಲ್ಲೂ ಖಾಲಿ ಬಸಿ ವಾಪಸ್ ಕೊಡುವ ಕ್ರಮ ಇಲ್ಲ. ಒಂದು ಖರ್ಜೂರವಾದರೂ ಇಡುತ್ತಾರೆ.

ಉಮ್ಮ ಬಸಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ನನ್ನಿಂದ ಎಂತ ತಪ್ಪಾಯ್ತು? ನೀನು ಏನಾದರೂ ತಪ್ಪು ಹೇಳಿದೆಯಾ ಮೋಳೆ, ಅರಬಿಯಲ್ಲಿ?"

"ಹೌದು ಉಮ್ಮ" ಎಂದೆ. "ಒಂದು ಮಾತು ಬಿಟ್ಟುಹೋಯಿತು."

"ಹಾಗಾದ್ರೆ ಹೋಗಿ ಸರಿ ಮಾಡಿ ಬಾ."

"ಮಾಡಿದೆ. ಅದಕ್ಕೇ."

ಉಮ್ಮನಿಗೆ ಅರ್ಥವಾಗಲಿಲ್ಲ. ಇವತ್ತೂ ಕೇಳುತ್ತಿದ್ದಾರೆ. ಒಂದು ದಿನ ಅವರಿಗೂ ಹೇಳಬೇಕು.

ಒಳಗೆ ಅವನ ತಾಯಿಗೆ ಪುಟ ಇದೆ. ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ. ಎರಡು ಸಲ ಬರೆದು ಹರಿದೆ. ಇಂಗ್ಲಿಷಿನಲ್ಲಿ ಬರೆದರೆ ನಾನು ಚಂದ ಮಾಡಿಬಿಡುತ್ತೇನೆ, ಸಿಸ್ಟರ್ ಎಸ್ಸೇಗೆ ಗುಡ್ ಹಾಕುವ ಹಾಗೆ. ಕನ್ನಡದಲ್ಲಿ ನನಗೆ ಅಷ್ಟು ಸಾಮರ್ಥ್ಯ ಇಲ್ಲ, ಇದ್ದದ್ದು ಇದ್ದ ಹಾಗೆ ಬರುತ್ತದೆ. ಕೆಳಗೆ ಇಂಗ್ಲಿಷ್ ನೀನೇ ಹಾಕು. ಒಂದು ಮಾತನ್ನೂ ಬಿಡಬೇಡ. ಪೋಸ್ಟ್ ಮಾಡು.

ನಿನ್ನ,
ಮುಫೀದಾ


ಎಲೈಜಾನ ಅಮ್ಮನಿಗೆ,

ನಿಮ್ಮ ಮಗ ಮೊದಲ ಒಂದು ವರ್ಷ ನನ್ನ ಭಾಷೆ ಕೆನಡಾದ್ದು ಎಂದುಕೊಂಡಿದ್ದ. ಕನ್ನಡ ಎಂದು ನಾನು ಬರೆದದ್ದನ್ನು ತಪ್ಪಾಗಿ ಓದಿ, ನಿಮ್ಮಲ್ಲಿ ಹಿಮ ಎಷ್ಟು ಬೀಳುತ್ತದೆ ಎಂದು ಕೇಳುತ್ತಿದ್ದ. ನಾನು ಬೇಕೆಂದೇ ಎರಡು ಪತ್ರಗಳಲ್ಲಿ ಹಿಮದ ಬಗ್ಗೆ ಬರೆದೆ. ಗೊತ್ತಾದಾಗ ಅವನು ಸಿಟ್ಟು ಮಾಡಲಿಲ್ಲ. "ನಿನ್ನ ಹಿಮ ಚೆನ್ನಾಗಿತ್ತು" ಎಂದು ಬರೆದ.

ನನ್ನ ಹಾಸ್ಟೆಲಿನಲ್ಲಿ ಬಟ್ಟೆಯ ಮೇಲೆ ದೋಬಿ ಶಾಯಿಯಿಂದ ನಂಬರ್ ಹಾಕುತ್ತಿದ್ದರು. ನಿಮ್ಮ ಊರಿನ ಲಾಂಡ್ರಿಯಲ್ಲೂ ಹಾಗೆಯೇ ಎಂದು ತಿಳಿದ ದಿನ ನಾವು ಸ್ನೇಹಿತರಾದೆವು. ಮಕ್ಕಳ ಮನೆಯಲ್ಲಿ ರಾತ್ರಿ ಯಾರಾದರೂ ಅತ್ತರೆ ಗೋಡೆಯ ಪೆಟ್ಟಿಗೆಯಿಂದ ಕಾವಲಿನ ಹೆಂಗಸಿನ ದನಿ ಬರುತ್ತಿತ್ತಂತೆ, ಯಾರು ಅಳುವುದು ಎಂದು. ಅವನು ಪಕ್ಕದ ಹಾಸಿಗೆಯವನ ಹೆಸರು ಹೇಳುತ್ತಿದ್ದನಂತೆ. ಅಮ್ಮನಿಗೆ ಗೊತ್ತಾದರೆ ಬೇಜಾರು ಎಂದು. ಇದನ್ನು ನಿಮಗೆ ಹೇಳಬಹುದೋ ಇಲ್ಲವೋ ಗೊತ್ತಿಲ್ಲ. ಹೇಳಿದೆ.

ಅವನು ನನ್ನಲ್ಲಿ ಒಂದು ಪ್ರಶ್ನೆ ಕೇಳಿದ್ದ. ಇಲ್ಲಿಯ ಜನ ನಮ್ಮ ಬಗ್ಗೆ ಏನು ಹೇಳುತ್ತಾರೆ, ಸಕ್ಕರೆ ಹಾಕದೆ ಬರೆ ಎಂದು. ನಾನು ಉತ್ತರ ಬರೆಯಲಿಲ್ಲ. ಏಪ್ರಿಲಿನಿಂದ ಏನೂ ಬರೆಯಲಿಲ್ಲ. ಅವನು ಕಾಯುತ್ತಿದ್ದಾನೆ ಎಂದು ಗೊತ್ತಿದ್ದೂ ಬರೆಯಲಿಲ್ಲ. ಆ ಉತ್ತರವನ್ನು ಈಗ ನಿಮಗೆ ಬರೆಯುತ್ತೇನೆ.

ಇಲ್ಲಿ ಲೆಬನಾನಿನ ಒಬ್ಬರು ನಿಮ್ಮ ಮಗನಿಗಾಗಿ ಅತ್ತರು, ಪ್ರಾರ್ಥನೆ ಮಾಡಿದರು. ಅವನು ಯಾರೆಂದು ನಾನು ಅವರಿಗೆ ಹೇಳಿರಲಿಲ್ಲ. ಹೇಳಿದ ಮೇಲೆ ನಿಲ್ಲಿಸಿದರು. ಎರಡೂ ನಿಜ. ಅವರ ಮನೆಯಲ್ಲೂ ಏಪ್ರಿಲಿನಲ್ಲಿ ಒಬ್ಬ ಹುಡುಗ ಹೋಗಿದ್ದಾನೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಮಗನ ಪಕ್ಕದಲ್ಲಿ ಅದು ಇರಬಾರದೆಂದು ಅವರು ಹೇಳಿದ್ದಾರೆ. ಅದನ್ನು ಹೇಳುವ ಹಕ್ಕು ಅವರಿಗಿದೆ.

ನಿಮ್ಮ ಮಗ ಗುಡ್ಡದ ಮೇಲಿಂದ ಒಬ್ಬ ಅಜ್ಜಿಯನ್ನು ನೋಡುತ್ತಿದ್ದ, ಅಂಜೂರ ತಿರುಗಿಸುವವರನ್ನು. ಆ ಹಳ್ಳಿಯ ಹೆಸರನ್ನು ನಾನು ಅವನಲ್ಲಿ ಕೇಳಲಿಲ್ಲ. ಗೊತ್ತಾಗುತ್ತದೆ ಎಂಬ ಹೆದರಿಕೆಗೆ ಕೇಳಲಿಲ್ಲ. ನಿಮಗೆ ಗೊತ್ತಿದ್ದರೆ ನನಗೆ ಬರೆಯಿರಿ. ಈಗ ಕೇಳುತ್ತಿದ್ದೇನೆ.

ನನ್ನ ಅರಬಿ ಕಡಿಮೆ, ಇಂಗ್ಲಿಷ್ ಅರ್ಧ, ಕನ್ನಡವೂ ಹಾಸ್ಟೆಲಿನದು. ಒಂದೇ ವಾಕ್ಯವನ್ನು ಸರಿಯಾಗಿ ಹೇಳಲಿಕ್ಕೆ ನನಗೆ ಇಷ್ಟು ತಿಂಗಳು ಬೇಕಾಯಿತು. ಪುಸ್ತಕದಲ್ಲಿ ಜಾಗ ಸಾಲದಿದ್ದರೆ ಉಳಿದದ್ದೆಲ್ಲ ಬಿಟ್ಟು ಇದೊಂದನ್ನು ಹಾಕಿ, ಪೂರ್ತಿಯಾಗಿ ಹಾಕಿ:

ಅವನು ನನಗೆ ಅಣ್ಣನ ಹಾಗೆ ಇದ್ದ.

ಮುಫೀದಾ ಅಬೂಬಕರ್